ಖಾಲಿ ಲಾರಿಯ ಹೊಣೆ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಿಂಧನೂರಿನ ಒಂದು ಸಾಗಣೆ ಕಂಪನಿಯಲ್ಲಿ ಶಾಖಾ ವ್ಯವಸ್ಥಾಪಕನಾಗಿದ್ದೆ. ಕಂಪನಿಗೆ ಸ್ವಂತ ಲಾರಿಗಳಿರಲಿಲ್ಲ. ಬೇರೆಯವರ ಲಾರಿಗಳನ್ನು ಬಾಡಿಗೆಗೆ ಹಿಡಿದು, ವ್ಯಾಪಾರಿಗಳ ಸರಕು ತಲುಪಿಸುವುದು ನಮ್ಮ ಸೇವೆ. ಸರಕು ಇಳಿದ ಕ್ಷಣಕ್ಕೆ ಲಾರಿಯ ಹೊಣೆ ಮುಗಿಯುತ್ತದೆ ಎಂದು ಕರಾರಿನಲ್ಲಿತ್ತು.

ಬೇಸಿಗೆಗೆ ಮುನ್ನ ಕಾಲುವೆಯ ನೀರು ನಿಲ್ಲಿಸುವ ಹಿಂದಿನ ದಿನ. ಮಸ್ಕಿಯ ಕ್ರಿಮಿನಾಶಕ ವ್ಯಾಪಾರಿಯೊಬ್ಬರ ಟ್ರಂಕ್ ಕಾಲ್ ಬಂತು. ಅವರ ಡ್ರಮ್‌ಗಳನ್ನು ನಮ್ಮ ಲಾರಿ ಅಂದು ಬೆಳಿಗ್ಗೆ ಇಳಿಸಿ ಬಂದಿತ್ತು. ಬೆಳಗಿನಿಂದ ಲೈನ್ ಸಿಕ್ಕಿರಲಿಲ್ಲವಂತೆ.

"ಸಾಹೇಬ್ರ, ಒಂದು ಡ್ರಮ್ ತಳ ಸೋರಿ ಅರ್ಧ ಖಾಲಿ ಆಗ್ಯದ. ಔಷಧಿ ಎಲ್ಲಾ ನಿಮ್ಮ ಲಾರಿ ಹಲಗಿ ಕುಡದಾವ. ಲಾರಿ ಹೋಗಿ ಭಾಳ ಹೊತ್ತಾತು."

ಫೋನ್ ಇಟ್ಟಾಗ ನೆನಪಾಯಿತು: ಅಂದು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ ತೊಳೆದು ಪೂಜೆ ಮಾಡದ ಚಾಲಕನಿಲ್ಲ. ತೊಳೆಯುವ ಜಾಗ ಕಾಲುವೆ.

ನಾನು ಬೈಕಿನಲ್ಲಿ ಕಾಲುವೆಗೆ ತಲುಪಿದಾಗ ಚಾಲಕ ಅಮರೇಶ ಬಂಪರಿಗೆ ಹೂವಿನ ಹಾರ ಕಟ್ಟುತ್ತಿದ್ದ. ಲಾರಿ ಫಳಫಳ ಹೊಳೆಯುತ್ತಿತ್ತು. ಹಲಗೆಗಳಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರು ಹಾಲಿನಂತೆ ಬೆಳ್ಳಗಿತ್ತು. ಆ ಔಷಧಿ ನೀರಿಗೆ ಬಿದ್ದರೆ ಹಾಗಾಗುತ್ತದೆ.

"ಸೋಪಿನ ನೊರಿ ಅನ್ಕೊಂಡಿದ್ನ್ರೀ," ಎಂದ ಅಮರೇಶ. "ಸೋರಿದ್ದು ನಂಗ ಯಾರ್ ಹೇಳ್ಯಾರ?" ಮರುಕ್ಷಣ ಅವನ ಮುಖ ಇಳಿಯಿತು. "ಸಾಹೇಬ್ರ, ಕೆಳಗಿನ ಊರಾಗ ಕುಡಿಯೋ ಕೆರಿ ತುಂಬಿಸಾಕತ್ತಾರ್ರೀ!"

ಕಾಲುವೆಯ ನೀರಿಗಿಂತ ಬೈಕು ವೇಗ. ಅದೊಂದೇ ನಮಗಿದ್ದ ಅನುಕೂಲ. ಅಮರೇಶನನ್ನು ಹಿಂದೆ ಕೂರಿಸಿಕೊಂಡು ಕಾಲುವೆ ದಂಡೆಯ ಮೇಲೆ ಓಡಿಸಿದೆ.

ಕಾಲುವೆಯಿಂದ ಕೆರೆಗೆ ನೀರು ಬಿಡುವ ಗೇಟಿನ ಬಳಿ ಅರ್ಧ ಊರೇ ಸೇರಿತ್ತು. ನಮ್ಮ ಲಾರಿ ತೊಳೆದ ವಿಷದ ನೀರು ಬರುತ್ತಿದೆ, ಗೇಟು ಇಳಿಸಿ ಎಂದೆ. ಕಾವಲುಗಾರ ಹನುಮಂತ ಕೈ ಕಟ್ಟಿ ನಿಂತ. "ನಾ ಇಳಿಸಿದ್ರ ಇವ್ರು ನನ್ನ ಇಳಿಸ್ತಾರ್ರೀ."

ಪಂಚಾಯಿತಿ ಸದಸ್ಯೆ ಗೌರಮ್ಮ ಮುಂದೆ ಬಂದರು. "ನಾಳಿಗಿ ಕೆನಾಲ್ ಬಂದ್. ಕೆರಿ ಅರ್ಧಾನೂ ತುಂಬಿಲ್ಲ. ಬ್ಯಾಸಗಿ ತುಂಬಾ ನೀರು ನಿಮ್ಮ ಕಂಪನಿ ಕೊಡ್ತದೇನು?"

"ಇವ್ರ ತಪ್ಪಲ್ಲಬೇ, ಲಾರಿ ತೊಳದಾಂವ ನಾ," ಎಂದ ಅಮರೇಶ.

"ನೀ ಸುಮ್ನಿರಲೇ. ನಾ ಸಾಹೇಬ್ರನ್ನ ಕೇಳಾಕತ್ತೀನಿ."

ಅಂಥ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಆದರೆ ಮುಖ್ಯ ಕಚೇರಿಯನ್ನು ಕೇಳಿ ಬರುವಷ್ಟರಲ್ಲಿ ವಿಷ ಕೆರೆ ಸೇರುತ್ತಿತ್ತು. "ಕೊಡ್ತದ," ಎಂದೆ. "ಕಡಿಮಿ ಬಿದ್ದಷ್ಟು ನೀರು ಟ್ಯಾಂಕರಿನಾಗ ತರ್ತೀವಿ."

ಗೌರಮ್ಮ ನನ್ನನ್ನೇ ನೋಡಿದರು. ನಂತರ ಹನುಮಂತನತ್ತ ತಿರುಗಿ, "ಇಳಸೋ," ಎಂದರು. ತುಕ್ಕು ಹಿಡಿದ ಗೇಟನ್ನು ನಾಲ್ಕು ಜನ ಸೇರಿ ಇಳಿಸಿದರು. ಕೆಳಗಿನ ಊರುಗಳಿಗೆ ಸೈಕಲ್ ಮೇಲೆ ಸುದ್ದಿ ಹೋಯಿತು: ನೀರು ಮುಟ್ಟಬೇಡಿ, ದನ ಬಿಡಬೇಡಿ.

ಸ್ವಲ್ಪ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿಬಂದು, ಮುಚ್ಚಿದ ಗೇಟಿಗೆ ಬಡಿದು, ಕಾಲುವೆಯಲ್ಲೇ ಮುಂದಕ್ಕೆ ಹೋದವು. ಅದನ್ನು ನೋಡಿ ಗೌರಮ್ಮ ಹೇಳಿದರು: "ಆ ಲಾರಿದಾಗ ಮಾತ್ರ ನೀರು ತರಬ್ಯಾಡ್ರೀ ಯಪ್ಪಾ."

ಮುಖ್ಯ ಕಚೇರಿಯವರು ಕರಾರು ತೋರಿಸಿದರು. ಖಾಲಿ ಲಾರಿ ನಮ್ಮದಲ್ಲ, ಮಾತು ಕೊಟ್ಟವರೇ ನೀರು ಕೊಡಲಿ ಎಂದರು. ನಾನು ವಾದಿಸಲಿಲ್ಲ. ಮೇಲಧಿಕಾರಿಯನ್ನು ಆ ಊರಿಗೆ ಕರೆದೊಯ್ದು ಗೌರಮ್ಮನ ಎದುರು ಕೂರಿಸಿದೆ. ಆ ಬೇಸಿಗೆ ಕಂಪನಿಯ ಖರ್ಚಿನಲ್ಲೇ ಟ್ಯಾಂಕರ್‌ಗಳು ಓಡಿದವು.

ಕರಾರೂ ಬದಲಾಯಿತು. ಸೋರುವ ಡ್ರಮ್ಮನ್ನು ಲೋಡಿಂಗ್‌ನಲ್ಲೇ ಕಳುಹಿಸಿದವರಿಗೆ ಮರಳಿಸುವುದು, ಔಷಧಿ ಲಾರಿಯನ್ನು ನಮ್ಮ ಗೋದಾಮಿನ ಸಿಮೆಂಟ್ ತೊಟ್ಟಿಯಲ್ಲೇ ತೊಳೆಯುವುದು, ತೊಳೆಯುವ ಹೊತ್ತಿಗೂ ಬಾಡಿಗೆ ಕೊಡುವುದು. ಕೊನೆಯ ಷರತ್ತು ಇಲ್ಲದಿದ್ದರೆ ತೊಳೆಯುವ ಷರತ್ತು ಕಾಗದದಲ್ಲೇ ಉಳಿಯುತ್ತಿತ್ತು; ಬಾಡಿಗೆ ಇಲ್ಲದೆ ಯಾವ ಲಾರಿಯೂ ಅಲ್ಲಿ ನಿಲ್ಲುತ್ತಿರಲಿಲ್ಲ. ಬೇರೆಯವರ ಲಾರಿ, ಬೇರೆಯವರ ಚಾಲಕ, ಬೇರೆಯವರ ಸರಕು ಇಟ್ಟುಕೊಂಡು ನಡೆಯುವ ಕೆಲಸದಲ್ಲಿ ಹೊಣೆಯನ್ನೂ ಬೇರೆಯವರಿಗೆ ದಾಟಿಸುವುದು ಸುಲಭ. ಸರಕು ಇಳಿದಲ್ಲಿಗೆ ನಮ್ಮ ಕೂಲಿ ಮುಗಿಯಬಹುದು. ಹೊಣೆ ಮುಗಿಯುವುದು, ಲಾರಿ ತೊಳೆದ ನೀರು ಎಲ್ಲಿ ಹೋಗಿ ನಿಂತಿತೆಂದು ನೋಡಿದ ಮೇಲೆ.