ಮೊದಲು ಕುಂದು ಹೇಳುವವಳು

ನಮ್ಮ ಮಾರ್ಕೆಟ್ಟಿನಲ್ಲಿ ಒಂದು ಕಾಲಕ್ಕೆ ಬೀಟ್‌ರೂಟನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಈಗ ಸಂಜೆ ಹೊಲಿಗೆ ಕಾರ್ಖಾನೆ ಬಿಡುವ ಹೊತ್ತಿಗೆ ಅದಕ್ಕಾಗಿಯೇ ಜನ ಸಾಲಾಗಿ ನಿಲ್ಲುತ್ತಾರೆ. ಇದನ್ನು ಮಾಡಿದವಳು ನನ್ನ ಅತ್ತಿಗೆ. ಅಣ್ಣನ ಹೆಂಡತಿಯಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ಅತ್ತಿಗೆ ನಾದಿನಿಯರಾದ ನಮ್ಮಿಬ್ಬರದು ಏಕವಚನದಲ್ಲೇ ಮಾತು, ಏಕವಚನದಲ್ಲೇ ಜಗಳ. ನನ್ನದು ಅವಳ ಪಕ್ಕದ ಈರುಳ್ಳಿ ಅಂಗಡಿ. ಕಣ್ಣೀರು ಹಾಕುವುದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ ಎಂದು ಮಾರ್ಕೆಟ್ಟಿನವರು ತಮಾಷೆ ಮಾಡುತ್ತಾರೆ. ಆದರೆ ಅವಳ ವಿಷಯದಲ್ಲಿ ನಾನು ಸುರಿಸಿದ್ದೆಲ್ಲ ಈರುಳ್ಳಿಯದಲ್ಲ.

ಅಣ್ಣನಿಗೆ ಪಾರ್ಶ್ವವಾಯು ಬಡಿದಾಗ ಅವರ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅತ್ತಿಗೆ ಬೆಳಿಗ್ಗೆ ಅವನನ್ನು ತೊಳೆದು ಒರೆಸಿ, ಮಗ್ಗುಲು ಬದಲಿಸಿ ಅಂಗಡಿಗೆ ಬರುವಳು. ಮಧ್ಯಾಹ್ನ ಓಡಿಹೋಗಿ ಉಣಿಸಿ ಮತ್ತೆ ಬರುವಳು. ಅವನಿಗೆ ಅಗಿಯಲು ಆಗುತ್ತಿರಲಿಲ್ಲ. ಮಾರಾಟವಾಗದೆ ಉಳಿದ ಬೀಟ್‌ರೂಟನ್ನು ಮೆತ್ತಗೆ ಬೇಯಿಸಿ, ಉಪ್ಪು ಹಾಕಿ ಕಿವುಚಿ ತಿನ್ನಿಸುತ್ತಿದ್ದಳು. ತಿನ್ನಿಸಿ ತಿನ್ನಿಸಿ ಆ ತರಕಾರಿಯ ಗುಣ ಅವಳಿಗೆ ತಿಳಿದುಹೋಯಿತು. ಸಿಪ್ಪೆ ತೆಗೆಯದೆ, ಬುಡದ ಬಾಲ ಕತ್ತರಿಸದೆ ಇಡಿಯಾಗಿ ಬೇಯಿಸಿದರೆ ಬಣ್ಣವೂ ಸಿಹಿಯೂ ಒಳಗೇ ಉಳಿಯುತ್ತವೆ. ಬೆಂದ ಮೇಲೆ ಹೆಬ್ಬೆರಳಿನಲ್ಲಿ ಒತ್ತಿದರೆ ಸಿಪ್ಪೆ ತಾನಾಗಿ ಜಾರಿ ಬರುತ್ತದೆ.

ಒಂದು ಸಂಜೆ ಮಿಕ್ಕಿದ್ದನ್ನು ಡಬ್ಬಿಯಲ್ಲಿ ತಂದವಳು ಕಾರ್ಖಾನೆಯ ಹೆಂಗಸೊಬ್ಬಳಿಗೆ ಒಂದು ಹೋಳು ಕೊಟ್ಟಳು. ಆ ಹೆಂಗಸು ಅಲ್ಲೇ ನಿಂತು ಡಬ್ಬಿ ಖಾಲಿ ಮಾಡಿ, ಇದನ್ನು ಬೇಯಿಸುತ್ತ ಕೂರುವುದಕ್ಕೆ ಯಾರಿಗಕ್ಕ ಪುರುಸೊತ್ತು ಎಂದಳು. ಅತ್ತಿಗೆಗೆ ಆಗ ವಿಷಯ ಅರ್ಥವಾಯಿತು. ಇಡೀ ದಿನ ಮೆಷಿನ್ ತುಳಿದು ಸೊಂಟ ಬಿದ್ದುಹೋದವರು, ಮನೆಯಲ್ಲಿರುವುದು ಒಂದೇ ಒಲೆ, ಬೀಟ್‌ರೂಟೋ ಗಂಟೆಗಟ್ಟಲೆ ಬೇಯುವ ಮೊಂಡು ಜಾತಿ. ಜನಕ್ಕೆ ಬೇಡವಾಗಿದ್ದದ್ದು ತರಕಾರಿಯಲ್ಲ, ಕಾಯುವ ಕೆಲಸ. ಮರುದಿನವೇ ಅಂಗಡಿಯೊಳಗೆ ಒಲೆಯೂ ದೊಡ್ಡ ಪಾತ್ರೆಯೂ ಬಂದವು. ಇದೇನು ತರಕಾರಿ ಅಂಗಡಿಯೋ ಹೋಟೆಲ್ಲೋ ಎಂದು ನಾನು ಮೂಗು ಮುರಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ವಾರವೇ ರಂಪವಾಯಿತು. ಬೀಟ್‌ರೂಟ್ ಒಯ್ದವಳೊಬ್ಬಳ ಗಂಡ ಬೆಳಿಗ್ಗೆ ಬಚ್ಚಲಿಗೆ ಹೋದವನು ಕೆಂಪಗೆ ಕಂಡದ್ದೇ ರಕ್ತವೆಂದು ಹೆದರಿ, ಆಟೋ ಹತ್ತಿ ಆಸ್ಪತ್ರೆಗೆ ಓಡಿದ. ಡಾಕ್ಟರು ನಕ್ಕು ಕಳುಹಿಸಿದರಂತೆ. ಅವನು ನಗಲಿಲ್ಲ, ನೇರ ಅಂಗಡಿಗೆ ಬಂದು ಹಾರಾಡಿದ. ಅವತ್ತಿನಿಂದ ಅತ್ತಿಗೆ ಒಂದು ಪದ್ಧತಿ ಹಿಡಿದಳು. ಯಾರೇ ಬರಲಿ, ತೂಕಕ್ಕೆ ಹಾಕುವ ಮೊದಲೇ ಕುಂದು ಹೇಳುವುದು. ಕೈಗೆ ಅಂಟುತ್ತದೆ, ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ನಾಳೆ ಬೆಳಿಗ್ಗೆ ಕೆಂಪಗೆ ಕಂಡರೆ ಹೆದರಬಾರದು, ಇಷ್ಟಾದ ಮೇಲೂ ಬೇಕೇ ಎಂದು ಕೇಳುವಳು. ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡಳು ಎಂದುಕೊಂಡೆ. ಆಗಿದ್ದು ತದ್ವಿರುದ್ಧ. ಇಷ್ಟೆಲ್ಲ ಬಾಯಿಬಿಟ್ಟು ಹೇಳುವವಳು ಬೇರೇನನ್ನು ತಾನೇ ಬಚ್ಚಿಟ್ಟಾಳು ಎಂದು ಜನ ನಂಬಿದರು. ಬರಬರುತ್ತ ತಳ್ಳುಗಾಡಿಯವರೂ ಬೇಯಿಸಿ ಮಾರತೊಡಗಿದರು, ಲಾರಿಯಲ್ಲಿ ಬರುವ ಮೂಟೆಗಳು ಹೆಚ್ಚಿದವು. ಸಿಪ್ಪೆ ಜಾರಿಸಿ ಜಾರಿಸಿ ಅತ್ತಿಗೆಯ ಬೆರಳುಗಳ ಬಣ್ಣವೇ ಬದಲಾಗಿ, ಅವಳು ಎಲ್ಲರ ಬಾಯಲ್ಲಿ ಕೆಂಪುಗೈ ಅಕ್ಕ ಆದಳು.

ಅಣ್ಣ ಹೋದಾಗ ಅವಳು ಗೋಳಾಡಲಿಲ್ಲ. ಎಲ್ಲ ಮುಗಿಸಿ ಬಂದು ಮಲಗಿದವಳು ಮರುದಿನ ಸಂಜೆಯವರೆಗೆ ಏಳಲಿಲ್ಲ. ಅಷ್ಟು ವರ್ಷಗಳ ನಿದ್ದೆ ಬಾಕಿ ಇತ್ತು. ಎದ್ದು ಕೂತು, ಇನ್ನು ಯಾರ ಮಗ್ಗುಲನ್ನೂ ಬದಲಿಸಲಾರೆ ಎಂದಳು. ಆ ಮಾತಿನಲ್ಲಿ ದುಃಖಕ್ಕಿಂತ ದಣಿವೇ ಜಾಸ್ತಿ ಇತ್ತು.

ಮಗಳು ಬೆಳೆದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಫೋನಿನಲ್ಲೇ ಗಂಡನನ್ನೂ ಹುಡುಕಿಕೊಂಡಳು. ನಮ್ಮ ಕಾಲದಲ್ಲಿ ಗಂಡು ನೋಡಲು ಹತ್ತು ಮನೆಯ ಮೆಟ್ಟಿಲು ಹತ್ತಬೇಕಿತ್ತು. ಇವರು ಮಂಚದ ಮೇಲೆ ಕೂತು ಬೆರಳಲ್ಲಿ ಒಬ್ಬೊಬ್ಬನನ್ನೂ ಪಕ್ಕಕ್ಕೆ ತಳ್ಳುತ್ತಾರೆ, ಕೊಳೆತ ಈರುಳ್ಳಿ ಆರಿಸಿದ ಹಾಗೆ. ಮಗಳು ತನ್ನ ಮನೆಗೆ ಹೊರಡುವ ಮುಂಚೆ ಅಮ್ಮನ ಹಿಂದೆ ಬಿದ್ದಳು. ನಡುವಯಸ್ಸು ದಾಟಿದವರಿಗೂ ಅಂಥದ್ದೊಂದು ಆ್ಯಪ್ ಇದೆಯಂತೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಾನು ಕೂಗಾಡಿದೆ. ಅತ್ತಿಗೆ ಮಾತ್ರ, ಸಂಜೆ ಬೀಗ ತೆಗೆದು ಕತ್ತಲೆ ಮನೆಗೆ ಕಾಲಿಡುವುದು ಕಷ್ಟವಾಗುತ್ತದೆ ಎಂದಳು.

ಏನು ಬರೆಯಲಿ ಎಂದು ಮಗಳು ಕೇಳಿದಾಗ ಅವಳು ಅಂಗಡಿಯ ಪದ್ಧತಿಯನ್ನೇ ಹಿಡಿದಳು. ಎಡಗಿವಿ ಮಂದ. ಕೈ ಕೆಂಪು, ತೊಳೆದರೆ ಹೋಗುವುದಿಲ್ಲ. ಬೆಳಿಗ್ಗೆ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತದೆ. ಕೊನೆಯ ಸಾಲು ಹೀಗಿತ್ತು: ಹಾಸಿಗೆ ಹಿಡಿದವರ ಸೇವೆ ಒಮ್ಮೆ ಮಾಡಿದ್ದೇನೆ, ಇನ್ನೊಮ್ಮೆ ಮಾಡುವ ಶಕ್ತಿ ಇಲ್ಲ. ಇದು ಮದುವೆಗೆ ಕರೆಯೋ ಅಥವಾ ಪೊಲೀಸರಿಗೆ ದೂರೋ ಎಂದು ಮಗಳು ತಲೆ ಚಚ್ಚಿಕೊಂಡಳು. ಫೋಟೊ ಕೂಡ ಹಾಗೇ, ಬೇಯುವ ಪಾತ್ರೆಯ ಮುಂದೆ ಬೆವರು ಸುರಿಸುತ್ತ ನಿಂತದ್ದು.

ಬಂದ ವಿಚಾರಣೆಗಳು ಕೆಲವೇ. ಬೆಲೆ ಕೇಳಿದ ಗಿರಾಕಿಯನ್ನು ಉತ್ತರ ಕೊಡದೆ ಕಳುಹಿಸಬಾರದು ಎಂದು ಅವಳು ಪ್ರತಿಯೊಬ್ಬರಿಗೂ ಬರೆದಳು. ಸ್ವಂತ ಮನೆ ಇದೆಯೇ ಎಂದು ಮೊದಲೇ ಕೇಳಿದವನಿಗೆ ನಮ್ಮಲ್ಲಿ ಮನೆ ಮಾರುವುದಿಲ್ಲ ಎಂದಳು. ಸೊಪ್ಪು ಇಷ್ಟ ಎಂದವನಿಗೆ ಎದುರು ಸಾಲಿನ ಸೊಪ್ಪಿನವಳ ವಿಷಯ ಹೇಳಿ, ಅವಳಿಗೂ ಗಂಡನಿಲ್ಲ, ಒಮ್ಮೆ ನೋಡಿ ಎಂದಳು. ಸೊಪ್ಪಿನವಳು ಅವಳ ಜೊತೆ ಒಂದು ತಿಂಗಳು ಮಾತು ಬಿಟ್ಟಳು.

ಅವಳ ಧಾಟಿಯಲ್ಲೇ ಬರೆದವರು ಒಬ್ಬರೇ. ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಮಂಡಿ ನೋವಿದೆ, ಗೊರಕೆ ಹೊಡೆಯುತ್ತೇನೆ, ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತೇನೆ ಎಂದು ಬರೆದಿದ್ದರು. ಅತ್ತಿಗೆ ಅದನ್ನು ನನಗೂ ಓದಲು ಕೊಟ್ಟಳು. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ಕಾಲವಾಗಿತ್ತು.

ಆಮೇಲೆ ಅವರು ಮಾರ್ಕೆಟ್ಟಿಗೇ ಬರತೊಡಗಿದರು. ನನ್ನ ಈರುಳ್ಳಿ ಮೂಟೆಯ ಮೇಲೆ ಕುಳಿತು, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಜನರ ಕಥೆ ಹೇಳುವರು. ಜಗಳವಾಡುತ್ತ ಒಳಹೊಕ್ಕ ಗಂಡಹೆಂಡಿರು ಲಿಫ್ಟ್ ನಿಂತೊಡನೆ ಕೈಕೈ ಹಿಡಿದುಕೊಂಡು, ಬಾಗಿಲು ತೆರೆದೊಡನೆ ಜಗಳ ಮುಂದುವರಿಸಿದ್ದು, ಹೀಗೆ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುವಳು. ಅವರು ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆದದ್ದನ್ನು ನಾನು ನೋಡಿರಲಿಲ್ಲ. ಚಹಾ ಕೊಟ್ಟರೆ ಈಗ ತಾನೇ ಆಯಿತು ಎನ್ನುವರು. ಜಂಬದ ಮನುಷ್ಯ ಎಂದುಕೊಂಡಿದ್ದೆ. ಆದರೂ ಅವರು ಬಾರದ ದಿನ ನಾನೇ ರಸ್ತೆ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ವರ್ಷ ತುಂಬುತ್ತ ಬಂದಿತು. ಅವರು ಇವಳ ಮನೆಗೇ ಬಂದು ಇರುವುದೆಂದು ಮಾತಾಯಿತು, ಮಗಳೂ ಒಪ್ಪಿದಳು. ಅವತ್ತು ಅತ್ತಿಗೆ ಪಾತ್ರೆಯಿಂದ ಬಿಸಿ ಬೀಟ್‌ರೂಟ್ ತೆಗೆದು, ನಮ್ಮ ಮನೆ ಸೇರುವವರು ಕೈ ಕೆಂಪು ಮಾಡಿಕೊಳ್ಳಬೇಕು ಎಂದು ನಗುತ್ತ ಅವರ ಮುಂದೆ ಹಿಡಿದಳು. ಅವರು ಎಡಗೈಯಲ್ಲಿ ತೆಗೆದುಕೊಂಡರು. ಬಿಸಿಗೆ ಜಾರಿತು. ಹಿಡಿಯಲು ಬಲಗೈ ತಾನಾಗಿ ಜೇಬಿನಿಂದ ಹೊರಬಂತು. ಹಿಡಿಯಲಾಗಲಿಲ್ಲ. ಆ ಕೈ ಗಾಳಿಯಲ್ಲಿ ನಡುಗುತ್ತಲೇ ಇತ್ತು, ಅವರ ಮಾತನ್ನೇ ಕೇಳದ ಹಾಗೆ.

ಅತ್ತಿಗೆ ಒಲೆ ಆರಿಸಿದಳು. ಅವರು ತಲೆ ತಗ್ಗಿಸಿ ಎಲ್ಲ ಹೇಳಿದರು. ನಡುಕದ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಕೈಯಿಂದ ಕಾಲಿಗೆ ಇಳಿಯುತ್ತದೆ, ಕೊನೆಗೆ ಮಾತೂ ಕಡಿಮೆಯಾಗುತ್ತದೆ. ಆ್ಯಪಿನಲ್ಲಿ ಬರೆಯುವ ಮುಂಚೆಯೇ ಡಾಕ್ಟರು ಹೇಳಿದ್ದರು.

"ಮಂಡಿ ನೋವು ಹೇಳಿದ್ರಿ, ಗೊರಕೆ ಹೇಳಿದ್ರಿ," ಎಂದಳು ಅತ್ತಿಗೆ. "ಸಣ್ಣಪುಟ್ಟದ್ದೆಲ್ಲ ಮೇಲಿಟ್ರಿ, ನಾನು ರಾಶಿ ಕೆದಕದೆ ಇರ್ಲಿ ಅಂತ."

"ನಿಮ್ಮ ಕೊನೇ ಸಾಲು ಓದಿದ್ದೆ," ಎಂದರು ಅವರು. "ನಿಜ ಬರೆದಿದ್ರೆ ನೀವು ನನ್ನ ಮುಖಾನೇ ನೋಡ್ತಿರ್ಲಿಲ್ಲ."

ಇನ್ನು ಬರಬೇಡಿ ಎಂದು ಅವಳು ಹೇಳಿದಳು. ಅವರು ಎದ್ದು ಹೋದರು.

ನನಗೆ ಮೈಯೆಲ್ಲ ಉರಿಯಿತು. ಅವಳ ಪದ್ಧತಿಯನ್ನೇ ಕಲಿತು ಅವಳಿಗೇ ಟೋಪಿ ಹಾಕಿದ್ದರು. ಪೀಡೆ ತೊಲಗಿತು ಬಿಡು ಎಂದೆ. ಆಮೇಲಿನ ವಾರಗಳಲ್ಲಿ ಅವಳು ಯಂತ್ರದಂತೆ ಮಾರಿದಳು. ಒಂದು ದಿನ ಪಾತ್ರೆಯ ನೀರೆಲ್ಲ ಇಂಗಿ ಬೀಟ್‌ರೂಟ್ ತಳ ಹಿಡಿದು ಹೊಗೆ ಎದ್ದಾಗಲೂ ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳ ಪಾತ್ರೆ ತಳ ಹಿಡಿದದ್ದಿಲ್ಲ.

ಮರುದಿನ ಮಧ್ಯಾಹ್ನ ಕೈ ತೊಳೆದು ಬಂದು, "ಅವರ ಮನೆಗೆ ಹೋಗ್ತಿದೀನಿ, ನೀನೂ ಬಾ. ನಾನು ಹೇಳೋದನ್ನ ಕೇಳೋಕೆ ಇನ್ನೊಬ್ರು ಬೇಕು," ಎಂದಳು. ಅಂಗಡಿಗಳನ್ನು ಸೊಪ್ಪಿನವಳ ಸುಪರ್ದಿಗೆ ಬಿಟ್ಟು ಹೊರಟೆವು.

ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವರ ವಾಸ ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಹತ್ತುವಾಗ ನಾನು ಅವರಿಗೆ ಮನಸಾರೆ ಶಾಪ ಹಾಕಿದೆ. ಒಂದೇ ಕೋಣೆ, ಒಂದು ಕಿಟಕಿ. ಮೇಜಿನ ಮೇಲೆ ಮುಚ್ಚಳವಿದ್ದ ಪ್ಲಾಸ್ಟಿಕ್ ಲೋಟ. ಮೊಳೆಗೆ ನೇತುಹಾಕಿದ ಅಂಗಿಗಳಲ್ಲಿ ಒಂದಕ್ಕೂ ಗುಂಡಿ ಇಲ್ಲ, ತಲೆಯಿಂದ ಎಳೆದುಕೊಳ್ಳುವಂಥವು. ಹಿಡಿದು ಏಳಲೆಂದು ಮಂಚದ ಕಾಲಿಗೆ ಕಟ್ಟಿದ ಹಗ್ಗ. ನನಗೆ ಅವು ಬರೀ ಸಾಮಾನು. ಅತ್ತಿಗೆ ಒಂದೊಂದನ್ನೂ ಗುರುತು ಹಿಡಿದವಳಂತೆ ನೋಡಿದಳು. ಅಣ್ಣನ ಮಂಚಕ್ಕೂ ಅಂಥದೇ ಹಗ್ಗವನ್ನು ಅವಳೇ ಕಟ್ಟಿದ್ದಳು. ಅವಳು ವಾಪಸ್ಸು ಇಳಿದು ಹೋಗುತ್ತಾಳೆ ಎಂದೇ ನಾನು ಬಾಗಿಲ ಕಡೆ ಸರಿದೆ.

ಅವಳು ಕೂರಲಿಲ್ಲ. ನಿಂತೇ ಮಾತಾಡಿದಳು.

"ನೀವು ಹೇಳಿದ್ದು ನಿಜ. ಬರೆದಿದ್ರೆ ನಾನು ಉತ್ತರ ಕೊಡ್ತಿರ್ಲಿಲ್ಲ. ನೀವು ಬಚ್ಚಿಟ್ಟಿದ್ದಕ್ಕೇ ನನಗೆ ಈ ಒಂದು ವರ್ಷ ಸಿಕ್ತು. ನನಗೆ ಸಿಟ್ಟು ಅದಕ್ಕೇ."

ಅವರು ಏನೋ ಹೇಳಲು ಹೋದರು. ಅವಳು ಕೈ ತೋರಿಸಿ ತಡೆದಳು.

"ನನ್ನ ಕೊನೇ ಸಾಲು ಈಗಲೂ ನಿಜಾನೇ. ಶಕ್ತಿ ಇಲ್ಲ. ಎಷ್ಟಾಗುತ್ತೋ ಅಷ್ಟು ಮಾಡ್ತೀನಿ. ಆಗದ ದಿನ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ ಎದ್ದು ಹೋಗ್ತೀನಿ. ಆವತ್ತು ನನ್ನನ್ನ ಕೆಟ್ಟವಳು ಅನ್ಕೋಬಾರ್ದು. ಒಪ್ಪಿಗೆ ಇದ್ರೆ ಬನ್ನಿ."

ಅವರು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ನಾನು ಕಿಟಕಿಯ ಕಡೆ ತಿರುಗಿದೆ.

ನೋಂದಣಿ ಕಚೇರಿಯಲ್ಲಿ ಅವರ ಮದುವೆಗೆ ಮಗಳೂ ನಾನೂ ಸಾಕ್ಷಿ ಸಹಿ ಹಾಕಿದೆವು. ಅವರು ಅಂಗಡಿಯಲ್ಲಿ ಅವಳ ಹಿಂದೆ ಕುಳಿತು, ಬಂದವರಿಗೆಲ್ಲ ಲಿಫ್ಟಿನ ಕಥೆ ಹೇಳುತ್ತ ಕಳೆದ ಕಾಲವೂ ಇತ್ತು. ಸಂಜೆ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ನಿಧಾನವಾಗಿ ಮನೆಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದೂ ಉಂಟು. ಆಮೇಲೆ ಡಾಕ್ಟರು ಹೇಳಿದ ಕ್ರಮದಲ್ಲೇ ಎಲ್ಲ ಬಂತು. ಕಾಲು ಹೋಯಿತು. ಮಾತು ಒಂದೆರಡು ಪದಗಳಿಗೆ ಇಳಿಯಿತು. ಅವಳು ಮತ್ತೆ ಬೆಳಿಗ್ಗೆ ತೊಳೆದು ಒರೆಸಿ, ಮಧ್ಯಾಹ್ನ ಓಡುವವಳಾದಳು.

ಆ ದಿನವೂ ಬಂತು. ಮಾರ್ಕೆಟ್ಟಿಗೆ ರಜೆ, ನಾನು ಅವರನ್ನು ನೋಡಲು ಹೋಗಿದ್ದೆ. ಗಂಜಿ ಕುಡಿಸುತ್ತಿದ್ದವಳು ಎರಡು ಸಲ ಬಾಯಿಂದ ಹೊರಬಂದದ್ದನ್ನು ಒರೆಸಿದಳು. ಮೂರನೆಯ ಸಲ ಚಮಚ ಕೆಳಗಿಟ್ಟು, ಅವರ ಮುಖ ನೋಡಿ, "ಇವತ್ತು ನನ್ನ ಕೈಲಿ ಆಗಲ್ಲ," ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ನಾನು ಚಮಚ ಎತ್ತಿಕೊಂಡೆ. ನನ್ನ ನಾಲಿಗೆ ಗೊತ್ತಲ್ಲ, ಸುಮ್ಮನಿರಲಿಲ್ಲ. ಕಾಯಿಲೆಯವರನ್ನು ಅರ್ಧ ಊಟದಲ್ಲಿ ಬಿಟ್ಟು ಹೋಗುವುದೆಂದರೇನು ಎಂದು ಶುರು ಮಾಡಿದೆ. ಅವರು ಕಷ್ಟಪಟ್ಟು ಕೈ ಎತ್ತಿ ನನ್ನ ಮಣಿಕಟ್ಟಿನ ಮೇಲೆ ಇಟ್ಟರು. ನಡುಗುವ ಆ ಕೈಯ ಜೊತೆ ಚಮಚವೂ ನಡುಗಿತು. ಪದ ಕೂಡಿಸಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನಾನು ಬಗ್ಗಿ ಕಿವಿ ಕೊಟ್ಟೆ.

"ಹೇಳಿ ಹೋದ್ಲು," ಎಂದರು.

ನಾನು ಬಾಯಿ ಮುಚ್ಚಿಕೊಂಡು ಗಂಜಿ ಕುಡಿಸಿದೆ.