ಕಿತ್ತು ಹಾಕದ ಕಾರ್ಡು

ನಮ್ಮ ಭಾವ ಬೆಳಿಗ್ಗೆ ಹೋಗುವುದು ಒಂದೇ ಕೆಲಸಕ್ಕೆ, ಸಂಜೆ ವಾಪಸು ಬರುವುದು ಮಾತ್ರ ಬೇರೆ ಬೇರೆ ಕೆಲಸಗಳಿಂದ. ಉದ್ಯೋಗ ಕಚೇರಿಯ ಬೋರ್ಡು ಅವರ ಸುಪರ್ದಿಯಲ್ಲಿದೆ. ನಗರದಲ್ಲಿ ಎಲ್ಲಿ ಎಂಥವರು ಬೇಕಾಗಿದ್ದಾರೆಂದು ಕಾರ್ಡಿನ ಮೇಲೆ ಬರೆದು ಪಿನ್ನು ಚುಚ್ಚುವುದು, ಜನ ಸಿಕ್ಕಿದ ಮೇಲೆ ಕಾರ್ಡು ಕಿತ್ತು ಹಾಕುವುದು, ಅಷ್ಟೆ. ಆದರೆ ಅವರು ಬರೆದದ್ದನ್ನೆಲ್ಲ ಮನಸ್ಸಿನಲ್ಲೇ ಬದುಕಿಬಿಡುವವರು. ಊಟಕ್ಕೆ ಕೂತರೆ, "ಇವತ್ತು ನಾನು ಬೇಕರೀಲಿದ್ದೆ," ಎಂದು ಶುರು. ಒಲೆಯ ಬಿಸಿ, ತೋಳಿಗೆ ಮೆತ್ತಿದ ಹಿಟ್ಟು, ಎಲ್ಲ ಹೇಳುತ್ತಾ ಹೋಗುತ್ತಾರೆ, ಕಣ್ಣು ಅರ್ಧ ಮುಚ್ಚಿರುತ್ತದೆ.

"ಬೇಕರಿಯಿಂದ ಯಾರಾದ್ರೂ ಬರಿಗೈಲಿ ಬರ್ತಾರಾ?" ಎಂದು ಅಕ್ಕ ಕಾಲೆಳೆಯುತ್ತಿದ್ದಳು. ಪಕ್ಕದ ಕೋಣೆಯಲ್ಲೇ ಇರುವ ನಾದಿನಿ ನಾನು. ಭಾವ ದೀಪಸ್ತಂಭ ಹತ್ತಿದ್ದು, ಪಿಯಾನೊ ಹೊತ್ತದ್ದು, ಎಲ್ಲವನ್ನೂ ಪುಕ್ಕಟೆ ಕೇಳಿದ್ದೇನೆ.

ಒಂದು ಕಾಲದಲ್ಲಿ ಒಂದೇ ಪಿನ್ನಿಗೆ ಎರಡೆರಡು ಕಾರ್ಡು ತೂಗುತ್ತಿದ್ದವು. ಆಮೇಲೆ ದಾರದ ಗಿರಣಿ ಮುಚ್ಚಿತು, ಬೀಗದ ಕಾರ್ಖಾನೆ ಮುಚ್ಚಿತು, ಕಳೆದ ವರ್ಷ ಅಕ್ಕ ಇಪ್ಪತ್ತೆರಡು ವರ್ಷ ದುಡಿದ ಅಂಗಿ ಗುಂಡಿಯ ಕಾರ್ಖಾನೆಯೂ ಮುಚ್ಚಿತು. ಈಗ ಬರುವ ಕಾರ್ಡುಗಳಿಗೆಲ್ಲ ಸ್ವಂತ ಸ್ಕೂಟರ್ ಬೇಕು, ಮೂವತ್ತರೊಳಗಿನ ವಯಸ್ಸು ಬೇಕು. ಅಕ್ಕನಿಗೆ ಐವತ್ತೊಂದು.

ಕೆಲಸವಿಲ್ಲದೆ ಕೂತು ಅವಳು ಸೊರಗಿಹೋದಳು. ಆದರೂ ಗಂಡನನ್ನು ಕೇಳಲು ಬಿಗುಮಾನ. ಅವರು ಚಹಾಕ್ಕೆ ಹೋದ ಹೊತ್ತು ನೋಡಿಕೊಂಡು, ಕಚೇರಿಗೆ ಹೋಗಿ ಬೋರ್ಡು ಓದಿ ಬಂದಳು. ಬಂದವಳ ಮುಖ ಅರಳಿತ್ತು.

"ಕನ್ನಡಕದ ಅಂಗಡೀಲಿ ಸಣ್ಣ ತಿರುಪು ಹಾಕೋಕೆ ಕೈ ನಡುಗದೋರು ಬೇಕಂತೆ ಕಣೇ. ವಯಸ್ಸಿನ ಮಾತೇ ಇಲ್ಲ! ನಂಗೇ ಬರೆದ ಹಾಗಿದೆ. ನಿಮ್ಮ ಭಾವಂಗೆ ಹೇಳ್ಬೇಡ."

ನಾಲ್ಕು ದಿನ ಕಿಟಕಿಯ ಬೆಳಕಿನಲ್ಲಿ ಕೂತು ಮನೆಯಲ್ಲಿದ್ದ ಹಳೇ ಕನ್ನಡಕಗಳನ್ನೆಲ್ಲ ಬಿಚ್ಚಿ ಜೋಡಿಸಿದಳು. ಎಳ್ಳಿನಷ್ಟು ತಿರುಪುಗಳು ಅವಳ ಅಂಗೈಯಲ್ಲಿ ಮಿನುಗುತ್ತಿದ್ದವು. ಭಾವ ಅದನ್ನು ಕಂಡರು, ಕೇಳಲಿಲ್ಲ. ಅವರು ಅಂದು ಯಾವುದೋ ಹಡಗಿನಲ್ಲಿದ್ದರು.

ಐದನೇ ದಿನ ಸಂಜೆ ಅಕ್ಕ ಕನ್ನಡಕದ ಅಂಗಡಿಗೆ ಹೋಗಿ ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟು ಕೂತಳು. ಎರಡು ಬಸ್ಸು ಹತ್ತಿ ಇಳಿದು, ಮೈಲಿಗಟ್ಟಲೆ ನಡೆದಿದ್ದಳು. ಆ ಕೆಲಸಕ್ಕೆ ಎರಡು ತಿಂಗಳ ಹಿಂದೆಯೇ ಜನ ಸಿಕ್ಕಿದ್ದರಂತೆ.

"ಕಾರ್ಡು ತೆಗೆಯೋಕೆ ಮರೆತ್ರಾ?" ಎಂದು ಭಾವನನ್ನು ಮೆಲ್ಲಗೆ ಕೇಳಿದಳು.

ಭಾವನ ಮುಖ ಕಪ್ಪಿಟ್ಟಿತು. "ಮರೆತಿಲ್ಲ. ಬೋರ್ಡು ಬೋಳಾಗಿ ಕಾಣ್ತಿತ್ತು. ಬಂದೋರು ಬಾಗಿಲಲ್ಲೇ ನೋಡಿ ವಾಪಸ್ ಹೋಗ್ತಿದ್ರು. ಓದೋಕಾದ್ರೂ ಇರ್ಲಿ ಅಂತ ಹಳೇವನ್ನ ಬಿಟ್ಟಿದ್ದೆ."

"ಜನ ಬರೋದು ಓದೋಕಲ್ಲ ರೀ."

ನನಗಂತೂ ಮೈಯೆಲ್ಲ ಉರಿಯಿತು. ಈ ಮನುಷ್ಯನ ಕನಸಿಗೆ ಇನ್ನೆಷ್ಟು ಜನ ಚಪ್ಪಲಿ ಸವೆಸಿದ್ದಾರೋ! ಆದರೆ ಅಕ್ಕನ ಒದ್ದೆ ಪಾದ ನೋಡುತ್ತಾ ಅವರು ನಿಂತಿದ್ದ ರೀತಿಗೆ ಬೈಗುಳ ಬಾಯಲ್ಲೇ ಉಳಿಯಿತು.

ಮರುದಿನ ಅಕ್ಕನ ಜೊತೆ ನಾನೂ ಕಚೇರಿಗೆ ಹೋದೆ. ಭಾವ ಒಂದೊಂದೇ ಕಾರ್ಡು ಕೀಳುತ್ತಿದ್ದರು, ಕಿತ್ತದ್ದನ್ನು ಒಮ್ಮೆ ಓದಿ ಡಬ್ಬಿಗೆ ಹಾಕುತ್ತಿದ್ದರು. ಬೋರ್ಡಿಗೆ ಹೊದಿಸಿದ್ದ ಹಸಿರು ಬಟ್ಟೆ ಅಗಲವಾಗುತ್ತಾ ಹೋಯಿತು. ಐವತ್ತಕ್ಕೂ ಹೆಚ್ಚು ಕಾರ್ಡಿನಲ್ಲಿ ಉಳಿದದ್ದು ಮೂರು: ಲಾರಿ ಡ್ರೈವರು, ಈಜು ಕಲಿಸುವವರು, ಗಾಜು ಕೊಯ್ಯುವವರು. ಹಿಂದೆ ನಿಂತಿದ್ದವರಲ್ಲಿ ಗುಸುಗುಸು ಎದ್ದಿತು, ಕೆಲವರು ಹೊರಟೇಹೋದರು.

"ಲಾರಿದು ನಿಜವಾಗ್ಲೂ ಇದೆಯಾ ಸಾರ್?" ಎಂದು ಒಬ್ಬ ಕೇಳಿದ.

"ಈಗ ತಾನೇ ಫೋನ್ ಮಾಡಿ ಕೇಳಿದೀನಿ, ಇದೆ," ಎಂದರು ಭಾವ. ಅವನು ಮೆಟ್ಟಿಲು ಎರಡೆರಡಾಗಿ ಇಳಿದು ಓಡಿದ.

ಅಕ್ಕ ಮೂರನ್ನೂ ನಿಧಾನವಾಗಿ ಓದಿದಳು. ಅವಳಿಗೆ ಹೊಂದುವಂಥದ್ದು ಒಂದೂ ಇರಲಿಲ್ಲ. "ನಾಳೆ ಬರ್ತೀನಿ," ಎಂದಳು, ಗಂಡನಿಗಲ್ಲ, ಕಚೇರಿಯ ಯಾರಿಗೋ ಹೇಳುವಂತೆ.

ಆ ಸಂಜೆ ಊಟಕ್ಕೆ ಕೂತಾಗ ಭಾವ ಅನ್ನ ಕಲಸುತ್ತಲೇ ಇದ್ದರು. ಅಕ್ಕನೇ ಕೇಳಿದಳು, "ಇವತ್ತು ಎಲ್ಲಿದ್ರಿ?"

"ಬೋರ್ಡಿನ ಹತ್ರಾನೇ ಇದ್ದೆ ಕಣೇ."

ಅಕ್ಕ ಕೈ ಚಾಚಿ ಅವರ ಮೂಗಿನ ಮೇಲಿಂದ ಜಾರುತ್ತಿದ್ದ ಕನ್ನಡಕ ತೆಗೆದಳು. ಸಡಿಲವಾಗಿದ್ದ ತಿರುಪನ್ನು ಬಿಗಿ ಮಾಡಿ ಮತ್ತೆ ಅವರಿಗೆ ಹಾಕಿದಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ.