ಗಾಜಿನ ಮೇಲಿನ ಉಸಿರು

ಮೊನ್ನೆ ಸ್ಟೇಶನ್ ಬಜಾರದ ಅಂಗಡಿಯವನೊಬ್ಬ ನನ್ನ ಕನ್ನಡಕದ ಮೇಲೆ ಹಾ ಎಂದು ಉಸಿರು ಬಿಟ್ಟು ಒರೆಸಿ ಕೊಟ್ಟ. ಗಾಜು ಮಸುಕಾಗಿ ತಿಳಿಯಾಗುವಷ್ಟರಲ್ಲಿ ಚಾಚಾ ನೆನಪಾದರು...

ಕಮಲಾಪುರದಿಂದ ದಿನಾ ಬಸ್ಸಿಗೆ ಬಂದು ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಬಿಲ್ಲೆಗಳನ್ನು ತೊಳೆಯುತ್ತಿದ್ದ ದಿನಗೂಲಿಯವರು ಅವರು. ನಾನಾಗ ಸಂಶೋಧನಾ ವಿದ್ಯಾರ್ಥಿ. ನೀರು ಹರಿಯುವಾಗ ಗಾಜಿಗೆ ತಾಗಿದ ಪದರ ಮಾತ್ರ ನಿಂತೇ ಇರುತ್ತದೆ ಎನ್ನುತ್ತದೆ ಪಠ್ಯಪುಸ್ತಕ. ಅದೂ ಜಾರುತ್ತದೆಯೇ, ಜಾರಿದರೆ ಎಷ್ಟು ಎಂದು ಅಳೆಯುವುದು ನನ್ನ ಕೆಲಸ. ಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟರ ಮಾತು. ಕಣ್ಣಿಗೆ ಕಾಣದ ಜಿಡ್ಡಿದ್ದರೂ ಅಳತೆ ಸುಳ್ಳಾಗುತ್ತಿತ್ತು. ಅದಕ್ಕೇ ಚಾಚಾ ತೊಳೆದ ಬಿಲ್ಲೆಗೆ ಉಸಿರು ಬಿಟ್ಟು ನೋಡುತ್ತಿದ್ದರು. ಮಂಜು ಒಂದೇ ಸಮ ಹರಡದಿದ್ದರೆ ಮತ್ತೆ ತೊಳೆಯುವುದು.

"ತಡೀರಿ ಸಾಬ್, ಇದರ ಮ್ಯಾಲ ಮಂಜು ತುಂಡು ತುಂಡು ಕುಂತದ. ಜಿಡ್ಡದ," ಎಂದರು ಒಂದು ಮಧ್ಯಾಹ್ನ.

"ನಿಮ್ಮ ಉಸಿರಿನ ಶಾಸ್ತ್ರ ಸಾಕು ಮಾಡ್ರಿ ಚಾಚಾ!" ಎಂದು ಕಸಿದುಕೊಂಡೆ. ಅವಸರವಿತ್ತು. ಅಂದೇ ಆ ಬಿಲ್ಲೆಯ ಮೇಲೆ ನೀರು ಜಾರಿತು, ನಾನು ಕುಣಿದಾಡಿದೆ.

ಚಾಚಾ ನಕ್ಕರು. "ಜಿಡ್ಡಿನ ಮ್ಯಾಲ ನಾನೂ ಜಾರ್ತೀನ್ರಿ ಸಾಬ್. ನನಗೂ ಅಳದು ಬರ್ಕೊಳ್ರಿ."

ಆ ಅಂಕಿಯನ್ನು ನನ್ನ ಮಾರ್ಗದರ್ಶಕರು ವಿಚಾರ ಸಂಕಿರಣದಲ್ಲಿ ಹೆಮ್ಮೆಯಿಂದ ಮಂಡಿಸಿದರು. ಆಮೇಲೆ ಬೇರೆ ಯಾವ ಬಿಲ್ಲೆಯ ಮೇಲೂ ನೀರು ಜಾರಲಿಲ್ಲ. "ಆ ಗ್ಲಾಸ್ ಯಾರು ತೊಳದಾರ?" ಎಂದು ಅವರು ರೇಗಿದಾಗ "ಚಾಚಾ" ಎಂದೆ. ಅಷ್ಟೇ. ಚಾಚಾ ಎಚ್ಚರಿಸಿದ್ದನ್ನು ಹೇಳಲಿಲ್ಲ. ಮರುದಿನದಿಂದ ಚಾಚಾಗೆ ಕೆಲಸವಿರಲಿಲ್ಲ.

ನಾನು ಅವರ ಹೆಸರು ಹೇಳಿದಾಗ ಚಾಚಾ ಬಾಗಿಲಲ್ಲೇ ನಿಂತಿದ್ದರೇ? ನಿಂತಿದ್ದರು ಎಂದು ಕೆಲವೊಮ್ಮೆ, ಇರಲಿಲ್ಲ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಅನುಕೂಲವಾದುದನ್ನೇ ನೆನಪು ಎನ್ನುತ್ತಿದ್ದೇನೇನೋ... ಆ ದಿನದ ಡೈರಿಯಲ್ಲಿ ಊಟದ ವಿಷಯ ಬಿಟ್ಟರೆ ಏನೂ ಇಲ್ಲ.

ನಿನ್ನೆ ಕಮಲಾಪುರಕ್ಕೆ ಹೋದೆ. ಚಾಚಾ ತೀರಿಹೋಗಿ ಎರಡು ವರ್ಷವಾಗಿದೆಯಂತೆ. ನಾನು ಯಾರೆಂದು ಹೇಳಿದ ಮೇಲೆ ಅವರ ಹೆಂಡತಿ ಚಹಾ ತಂದಿಟ್ಟು ಎದುರು ಕುಳಿತರು.

"ಒಂದ್ ಗ್ಲಾಸ್ ಚಂದಾಗಿ ತೊಳೀಲಿಲ್ಲ, ನನ್ನ ಕೈಯಿಂದ ಆ ಹುಡುಗನ ಓದು ಕೆಟ್ಟಿತು ಅಂತಿದ್ರು, ಕಡೀತನ. ನಿಮ್ಮ ಡಿಗ್ರಿ ಆಯ್ತೇನ್ರಿ ಬಾಬಾ?"

"ಆಯ್ತು, ಚಾಚಿ."

"ಯಾರರೆ ಬಂದು ಹೇಳಿದ್ರ ಅವರಿಗೆ ಸಮಾಧಾನ ಆಗ್ತಿತ್ತು."

ತಪ್ಪು ನನ್ನದೆಂದು ಹೇಳಲು ಹೋದವನು ಚಹಾ ಕುಡಿದು ಬಸ್ಸು ಹತ್ತಿದೆ. ಈಗ ಇಲ್ಲಿ ಬರೆಯುತ್ತಿದ್ದೇನೆ. ಚಾಚಿಗೆ ಕನ್ನಡ ಓದಲು ಬರುವುದಿಲ್ಲ.